ಹೊಟ್ಟಿ ತುಂಬದ ಕೌದಿ

ನಮ್ಮಪ್ಪಗ ಗೋಕಾಂವಿಯೊಳಗ ಜರಿ ಅಂಚಿನ ರುಮಾಲು ಸುತ್ತಿದ್ರು. ಕಾಡಗಿಚ್ಚಿನಾಗ ಮನಿ-ಮಠ ಕಳಕೊಂಡವರ ಸಲುವಾಗಿ ಊರೂರು ತಿರಗಿ ಧರ್ಮಾ ಕೂಡಿಸಿದಂಥಾ ಮನಶಾ ಅಂತ, ದೊಡ್ಡ ದೊಡ್ಡವರು ಕುಂತ ಸಭಾದಾಗ ಬಾಜಾ ಬಾರಿಸಿ ಸುತ್ತಿದ್ರು. ಆ ರುಮಾಲು ನಮ್ಮ ಕಲ್ಲೋಳಿ ಮನಿ ಪಡಸಾಲ್ಯಾಗ ಗೂಟಕ್ಕ ಭಾಳ ವರ್ಷ ಜೋತಾಡಿತು. ಇವತ್ತೂ ಯಾರರೇ ಹಳಬರು ಸಿಕ್ರ, "ನಿಮ್ಮಪ್ಪನಂಥಾ ಧರ್ಮಾತ್ಮ ಇನ್ನ ಹುಟ್ಟಂಗಿಲ್ಲ ಬಿಡವ್ವಾ" ಅಂತಾರ. ನಾನು ಹೂಂ ಅಂತೇನಿ. ಹಿರ್ಯಾರಿಗೆ ಎದರ ಮಾತಾಡಬಾರದು ಅಂತ ಕಲಿಸ್ಯಾರಲ್ಲ, ಅದಕ್ಕ. ಒಳಗಿಂದೊಳಗ ಮಾತ್ರ ಉಗುಳು ಬಾಯಿತನಕಾ ಬರ್ತೈತಿ.

ಅದು ಬ್ರಿಟಿಷರ ಕಾಲ. ನಾನು ಚೊಚ್ಚಲ ಬಸರಿ, ಬಾಣಂತನಕ್ಕಂತ ತವರಿಗೆ ಬಂದಿದ್ದೆ. ಬ್ಯಾಸಗಿ ಅಂದ್ರ ಬ್ಯಾಸಗಿ, ಅಂಗಳಾಗ ಕಾಲಿಡಾಕ ಆಗತಿದ್ದಿಲ್ಲ. ಒಂದಿನ ಅಪ್ಪ ಚಾವಡಿಯಿಂದ ಬಂದಾಂವ ಮಾರಿ ತೊಳಕೊಳ್ಳೂದರೊಳಗ ಸುದ್ದಿ ಹೇಳಿದ. ಹುಕ್ಕೇರಿ ದಾಟಿ ಪಡುವಣಕ್ಕ ಹೋದ್ರ ಘಟ್ಟದ ಸೀಮಿ ಬರ್ತೈತಿ. ಅಲ್ಲಿ ಅಡವಿಗೆ ಬೆಂಕಿ ಬಿದ್ದು, ಗಾಳಿ ಜೋರಾಗಿ, ಗುಡ್ಡದ ಮ್ಯಾಲಿನ ಹಳ್ಳಿ ಎಲ್ಲಾ ಸುಟ್ಟು ಹೋಗ್ಯಾವಂತ. ಹುಲ್ಲಿನ ಮನಿ, ಬಿದಿರಿನ ಗ್ವಾಡಿ, ಉಳಿಯೂದೇನು. ಉಳದ ಮಂದಿ ಹೊಳಿ ದಂಡಿಗೆ ಬಂದು ಬಯಲಾಗ ಕುಂತಾರಂತ.

ಅವ್ವ ರೊಟ್ಟಿ ಬಡಿಯಾಕತ್ತಾಕಿ ಕೈ ನಿಲ್ಲಿಸಿದ್ಲು. ಹಂಚಿನ ಮ್ಯಾಲ ರೊಟ್ಟಿ ಕರಕ ಹೊಂಟಿತ್ತು.

"ಯಾವ ಹಳ್ಳಿ ಅಂದ್ರಿ?" ಅಂದ್ಲು.

"ಯಾವುದಾದ್ರೇನು? ನಮ್ಮಾವರು ಯಾರದಾರ ಅಲ್ಲಿ?" ಅಂದ ಅಪ್ಪ. ಅಂದು ಟವೆಲ್ಲು ಹೆಗಲಿಗೆ ಹಾಕ್ಕೊಂಡು ಊಟಕ್ಕ ಕುಂತ.

ಯಾರದಾರ ಅಂದ್ರ, ನಮ್ಮಕ್ಕ ಇದ್ಲು. ನನಗಿಂತ ದೊಡ್ಡಾಕಿ, ಅಪ್ಪನ ಹಿರೇಮಗಳು. ಘಟ್ಟದಿಂದ ಗಾಡಿ ಮ್ಯಾಲ ಬಿದಿರು ಹೇರ್ಕೊಂಡು ನಮ್ಮ ಕಡೆ ಮಾರಾಕ ಬರತಿದ್ದ ಒಬ್ಬ ಹುಡುಗನ ಕೂಡ ಹೋಗಿಬಿಟ್ಲು. ನಮ್ಮ ಜಾತಿಯವನಲ್ಲ, ನಮ್ಮ ಮಾತಿನವನೂ ಅಲ್ಲ. ಅಕಿ ಹೋದ ಸುದ್ದಿ ಗೊತ್ತಾದ ದಿನ ಅಪ್ಪ ಯಾರ ಕೂಡಾನೂ ಜಗಳಾಡಲಿಲ್ಲ, ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಭಾವಿಗೆ ಹೋಗಿ, ಉಟ್ಟ ಧೋತರದ ಮ್ಯಾಲ ತಲಿ ತುಂಬ ನೀರು ಸುರುವಿಕೊಂಡು ಬಂದ. ಮಣ್ಣಿಗೆ ಹೋಗಿ ಬಂದವರು ಹಂಗ ಮಾಡ್ತಾರ. "ಸತ್ಲು" ಅಂದ. ಅವತ್ತಿಂದ ನಮ್ಮ ಮನ್ಯಾಗ ಅಕಿ ಹೆಸರು ಹಿಡಿಯಂಗಿದ್ದಿಲ್ಲ. ಅವ್ವ ಅಕಿಯ ಕುಬಸಾ, ಪರಕಾರ ಎಲ್ಲಾ ಗಂಟು ಕಟ್ಟಿ ಅಡಕಲು ಗಡಿಗಿಗಳ ಹಿಂದ ಇಟ್ಟಿದ್ಲು. ಬಿದಿರಿನ ಗಾಡಿ ಊರಾಗ ಬಂದ್ರ ಬಾಗಲದಾಗ ನಿಂತು ಬರೇ ನೋಡತಿದ್ಲು. ಮಾತು ಕೇಳಾಕ ಧೈರ್ಯ ಎಲ್ಲಿಂದ ಬರಬೇಕು.

ಹಿಂಗಿದ್ದಾಗ ಆ ಘಟ್ಟದವರ ಸಲುವಾಗಿ ಧರ್ಮಾ ಕೂಡಸಾಕ ಮುಂದ ನಿಂತಾಂವ ಯಾರು? ನಮ್ಮಪ್ಪ!

ಅಂವ ಹಂಗ ಯಾಕ ಮಾಡಿದ ಅಂತ ನಾನು ಭಾಳ ವಿಚಾರ ಮಾಡೇನಿ. ಮಗಳ ಮ್ಯಾಲಿನ ಮಾಯೆ ಹಿಂದಿನ ಬಾಗಲದಿಂದ ಬಂತೇನೋ ಅಂತ ನಮ್ಮತ್ತಿ ಒಮ್ಮೆ ಅಂದಿದ್ರು. ಏನಿಲ್ಲ, ಸುಳ್ಳು. ಮೂಡಲಗಿಯವರು ಮೊದಲ ಧರ್ಮಾ ಸುರು ಮಾಡಿದ್ರು, ಮಮದಾಪುರದವರು ಜ್ವಾಳದ ಗಾಡಿ ತುಂಬಾಕತ್ತಿದ್ರು. ಕಲ್ಲೋಳಿ ಹಿಂದ ಬಿದ್ರ ಹೆಂಗ? ಅಷ್ಟ. ಅಪ್ಪ ಚಾವಡಿಕಟ್ಟಿ ಮ್ಯಾಲ ನಿಂತು ಎಂಥಾ ಮಾತಾಡಿದ ಅಂತೀರಿ! ಶರಣರು ಅಂದ, ದಯಾ ಅಂದ, ಕಂಡವರ ಸಂಕಟ ನಮ್ಮ ಮನಿ ಸಂಕಟ ಅಂದ. ಗಂಡಸರು ಕಣ್ಣು ಒರಸ್ಕೊಂಡ್ರು. ಹೆಣಮಕ್ಕಳ ನಡುವ ನಿಂತಿದ್ದ ನಮ್ಮವ್ವ ಸೆರಗು ಬಾಯಿಗೆ ಒತ್ತಿ ಹಿಡಕೊಂಡಿದ್ಲು. ಬಾಜೂ ಮನಿ ಜೈನರ ಕಾಕು ಅಕಿ ಕೈ ಗಟ್ಟಿ ಹಿಡಿದು, ಅರ್ಧ ಮರಾಠಿ ಅರ್ಧ ಕನ್ನಡದಾಗ ಏನೋ ಅಂದ್ಲು. ಊರಿಗೆಲ್ಲಾ ಗೊತ್ತಿತ್ತು. ಗೊತ್ತಿದ್ದೂ ಒಬ್ಬರೂ ಬಾಯಿ ಬಿಡಲಿಲ್ಲ.

ಮರುದಿನದಿಂದ ಓಣಿ ಓಣಿಯೊಳಗ ರೊಟ್ಟಿ ಬಡಿಯೋ ಸಪ್ಪಳ. ನಮ್ಮ ಕಡೆ ಕಟಕ್ ರೊಟ್ಟಿ ತಿಂಗಳಾನುಗಟ್ಟಲೆ ಕೆಡಂಗಿಲ್ಲ, ಅದಕ್ಕ ದೂರದವರಿಗೆ ಅದನ್ನ ಕಳಸೂದು ಅಂತ ಆತು. ಯಾರ ಮನಿ ರೊಟ್ಟಿ ತೆಳ್ಳಗ, ಯಾರ ಮನೀದು ದಪ್ಪ ಅಂತ ಚಾಷ್ಟಿ ಬ್ಯಾರೆ. "ನಿನ್ನ ರೊಟ್ಟಿ ಘಟ್ಟದವರು ತಿನ್ನಂಗಿಲ್ಲ ಬಿಡ, ಮಾಳಗಿ ಮ್ಯಾಲ ಹೊದಿಸ್ತಾರ" ಅಂತ ಒಬ್ಬಾಕಿ ಅಂದ್ರ, "ನಿಂದೇನು ಗಾಳಿಗೆ ಹಾರಿ ನೀ ಕಳಸೂಕಿಂತ ಮೊದ್ಲ ಮುಟ್ಟತೈತಿ" ಅಂತ ಇನ್ನೊಬ್ಬಾಕಿ. ನಕ್ಕೊಂತ ಬಡದ್ರು. ಶೇಂಗಾ ಹಿಂಡಿ ಕುಟ್ಟಿದ್ರು, ಉಳ್ಳಾಗಡ್ಡಿ ಪೋಣಿಸಿದ್ರು. ಮಂದಿ ಕೊಟ್ಟದ್ದು ಖರೆ ಮನಸ್ಸಿನಿಂದನ ಕೊಟ್ರು, ಅದನ್ನ ನಾನು ಅಲ್ಲ ಅನ್ನಂಗಿಲ್ಲ. ತಮಗ ಇಲ್ಲದವರೂ ಬೊಗಸಿ ಜ್ವಾಳ ತಂದು ಸುರುವಿ ಹೋದ್ರು.

ಆಮ್ಯಾಲ ಕೌದಿ. ಗುಡ್ಡದಾಗ ಬ್ಯಾಸಗ್ಯಾಗೂ ರಾತ್ರಿ ಥಂಡಿ, ಮಳಿ ಸುರು ಆದ್ರ ಕೇಳೂದಬ್ಯಾಡ. ಮನಿಗೊಂದು ಕೌದಿ ಕೊಡಬೇಕು ಅಂತ ಅಪ್ಪ ಡಂಗುರಾ ಹೊಡಿಸಿದ.

ಇಲ್ಲಿ ನಮ್ಮ ಓಣಿ ರೂಢಿ ಒಂದು ಹೇಳಬೇಕು. ಹಳೇ ಸೀರಿ, ಧೋತರ ಒಂದರ ಮ್ಯಾಲ ಒಂದು ಹಾಸಿ ಕೌದಿ ಹೊಲೀತೀವಲ್ಲ, ಕಡೀಕ ಒಂದು ಮೂಲಿ ಮುಚ್ಚೂಮುಂದ ಅದರಾಗ ಹೆಬ್ಬಟ್ಟಿನಷ್ಟು ರೊಟ್ಟಿ ತುಣುಕು ಇಟ್ಟು ಹೊಲೀತೀವಿ. ಕೌದಿ ಹೊಟ್ಟಿ ತುಂಬಸೂದು ಅಂತೀವಿ. ಹೊಟ್ಟಿ ತುಂಬಿದ ಕೌದಿ ಹೊಚ್ಚಿಕೊಂಡಾವರು ಉಪವಾಸ ಇರಂಗಿಲ್ಲ ಅಂತ. ಸಣ್ಣಾಕಿ ಇದ್ದಾಗ ಅಕ್ಕ ನಾನು ಒಂದ ಕೌದ್ಯಾಗ ಮಲಗಿ, ಕತ್ತಲದಾಗ ಆ ಮೂಲಿ ಹುಡುಕಿ ಬೆರಳಿಂದ ಒತ್ತಿ ನೋಡತಿದ್ವಿ. ಗಟ್ಟಿ ಹತ್ತಿದ್ರ ನಿದ್ದಿ ಬರತಿತ್ತು. ಅದು ಮನಿಯವರಿಗೆ ಅಷ್ಟ. ಹೊರಗಿನವರಿಗೆ ಕೊಡೂ ಕೌದಿಗೆ ರೊಟ್ಟಿ ಇಡಂಗಿಲ್ಲ, ಮನಿ ಅನ್ನ ಹೊರಗ ಹೋಗ್ತೈತಿ ಅಂತ. ಮನ್ಯಾಗ ಯಾರರೇ ಸತ್ರ, ಅವರು ಹೊಚ್ಚಿದ ಕೌದಿ ದಾನ ಕೊಡೂಮುಂದ ಆ ಮೂಲಿ ಬಿಚ್ಚಿ ರೊಟ್ಟಿ ತಗದು ಕೊಡ್ತಾರ. ಮೂಲಿ ಬಿಚ್ಚಿದ ಕೌದಿ ಅಂದ್ರ ಸತ್ತವರ ಕೌದಿ. ನೋಡ್ರಿ ನಮ್ಮ ಮಂದಿ ಲೆಕ್ಕಾ. ಗಾಡಿಗಟ್ಟಲೆ ರೊಟ್ಟಿ ಹೊರಗ ಹೋದ್ರ ಅನ್ನ ಹೋಗಲಿಲ್ಲಂತ, ಹೆಬ್ಬಟ್ಟಿನಷ್ಟು ತುಣುಕು ಹೋದ್ರ ಹೋತಂತ!

ಅವ್ವ ಎರಡು ಕೌದಿ ಒಮ್ಮೆಗೇ ಹಾಸಿದ್ಲು. ಒಂದು ಸಣ್ಣದು, ನನ್ನ ಹುಟ್ಟೂ ಕೂಸಿಗೆ. ಇನ್ನೊಂದು ಘಟ್ಟದವರಿಗೆ. ಆ ದೊಡ್ಡದಕ್ಕ ಅಕಿ ಹಾಕಿದ್ದು ತನ್ನ ಮದಿವಿ ಸೀರಿ, ಕೆಂಪು ಸೆರಗಿನದು. ನಾನು ನೋಡಾಕತ್ತೇನಿ ಅಂತ ಗೊತ್ತಿದ್ರೂ ಅಡಕಲಿನ ಹಿಂದಿನ ಗಂಟು ಬಿಚ್ಚಿ, ಅಕ್ಕನ ಹಸರ ಪರಕಾರದ ತುಂಡು ನಟ್ಟನಡುವ ಇಟ್ಟು ಹೊಲಿದ್ಲು. ಕಡೀ ದಿನ ಒಂದು ರೊಟ್ಟಿ ತಂದು ಎರಡು ತುಣುಕು ಮುರಿದ್ಲು. ಒಂದು ಸಣ್ಣ ಕೌದಿಗೆ. ಇನ್ನೊಂದು ತುಣುಕು ಸೆರಗಿನಾಗ ಮುಚ್ಚಿ, ಬಾಗಲಾ ನೋಡಿ, ದೊಡ್ಡ ಕೌದಿ ಮೂಲಿಗೆ ಇಟ್ಟು ಸರಸರ ಸೂಜಿ ಎಳದ್ಲು.

"ಯವ್ವಾ, ಅಪ್ಪಗ ಗೊತ್ತಾದ್ರ?" ಅಂದೆ.

"ನಾ ಅಕಿಗೆ ಮಾತು ಕಳಿಸಿಲ್ಲ, ಏನಿಲ್ಲ. ಮೂಲಿ ಒತ್ತಿ ನೋಡ್ತಾಳ, ತಿಳಕೋತಾಳ. ಅವ್ವ ನನ್ನ ಸತ್ತಾಕಿ ಅಂದಿಲ್ಲ ಅಂತ. ನನಗ ಅಷ್ಟ ಸಾಕು" ಅಂದ್ಲು. ಅಷ್ಟು ವರ್ಷದಾಗ ಅಕ್ಕನ ಸುದ್ದಿ ಅಕಿ ಬಾಯಿಂದ ಬಂದಿದ್ದು ಅವತ್ತ ಮೊದಲು. ನನಗ ಅಳು ತಡಕೊಳ್ಳಾಕ ಆಗಲಿಲ್ಲ. "ಬಸರಿ ಹೆಂಗಸು ಅಳಬಾರದು, ಏಳು, ದನಕ್ಕ ನೀರಿಡು" ಅಂತ ಬೈದ್ಲು.

ನಮ್ಮ ಹೊಲದಾಗ ದುಡಿಯೋ ಒಬ್ಬ ಮುದುಕ ಇದ್ದ, ನಾವು ಕಾಕಾ ಅಂತಿದ್ವಿ. ಅಕ್ಕನ್ನೂ ನನ್ನೂ ಹೆಗಲ ಮ್ಯಾಲ ಹೊತ್ತು ಬೆಳಿಸಿದಾಂವ. ಒಂದು ಗಾಡಿ ಹೊಡಿಯೂದು ಅವನ ಪಾಲಿಗೆ ಬಂದಿತ್ತು. ಅವ್ವ ದನದ ಗ್ವಾದಲಿ ಹತ್ರ ಅವನ್ನ ಕರದು, "ಕೆಂಪು ಸೆರಗಿನ ಕೌದಿ ಐತಿ. ಅಕಿ ಇದ್ದರ, ಅಕಿ ಕೈಯಾಗ ಕೊಡು. ನಿಮ್ಮವ್ವ ಕೊಟ್ಟಾಳ ಅನ್ನು" ಅಂತ ಅಷ್ಟ ಹೇಳಿದ್ಲು. ಹೊಟ್ಟಿ ತುಂಬಿಸಿದ್ದು ಅವಗ ಹೇಳಲಿಲ್ಲ.

ಗಾಡಿ ಹೋಗೂ ಮುಂಜಾನೆ ಎಲ್ಲಾರೂ ಕೌದಿ ತಂದು ಚಾವಡ್ಯಾಗ ಒಟ್ಟಿದ್ರು. ಅಪ್ಪ ಒಂದೊಂದ ಬಿಚ್ಚಿ ಝಾಡಿಸಿ, ಹರಕು ಕೊಟ್ಟಿದ್ರ ತಿರಗಿ ಕಳಸಾಕತ್ತಿದ್ದ. "ಕೊಡೂದು ಕೊಟ್ರ ಗಟ್ಟಿಮುಟ್ಟು ಕೊಡ್ರಿ, ಕಲ್ಲೋಳಿ ಮರ್ಯಾದಿ ಐತಿ" ಅಂತಿದ್ದ. ನಾವು ಹೆಣಮಕ್ಕಳು ಆರತಿ ತಗೊಂಡು ಹೊರಗ ನಿಂತಿದ್ವಿ. ಎತ್ತಿನ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜಿ. ಧುಪದಾಳದ ಮ್ಯಾಲೆ ಹಾಯ್ದು ಹುಕ್ಕೇರಿಗೆ ಹೋಗಿ, ಅಲ್ಲಿ ಮೂಡಲಗಿ ಗಾಡಿ, ಗೋಕಾಂವಿ ಗಾಡಿ ಎಲ್ಲಾ ಕೂಡಿಕೊಂಡು ಘಟ್ಟಕ್ಕ ಹೋಗೂದು ಅಂತ ಠರಾವಾಗಿತ್ತು. ಕಾಕಾನ ಗಾಡಿಯೊಳಗ ಕೆಂಪು ಸೆರಗು ಕಂಡು ಅವ್ವ ನನ್ನ ಕೈ ಚಿವುಟಿದ್ಲು. ಅಷ್ಟು ಖುಷಿ ಅಕಿ ಮಾರಿ ಮ್ಯಾಲ ನಾನು ಆಮ್ಯಾಲ ಕಾಣಲಿಲ್ಲ.

ಆ ದಿನಗಳು ಛಲೋ ಹೋದವು. ಅವ್ವ ಕೆಲಸ ಮಾಡ್ತಾ ಮಾಡ್ತಾ, "ಈಗ ಸಂಕೇಶ್ವರ ದಾಟಿರಬೇಕು" ಅಂತಿದ್ಲು. "ಈಗ ಮುಟ್ಟಿರಬೇಕು" ಅಂತಿದ್ಲು. "ಅಕಿಗೆ ಕೂಸು-ಕುನ್ನಿ ಆಗಿದ್ರ, ಅವೂ ಹೊಚ್ಚಿಕೊಂಡಿರ್ತಾವು" ಅಂತಿದ್ಲು. ನನಗ ಗಂಡು ಹುಟ್ಟಿತು. ಅಪ್ಪ ಊರಿಗೆಲ್ಲಾ ಸಕ್ಕರಿ ಹಂಚಿದ. ಅದರ ಹಿಂದಿಂದನ ಗೋಕಾಂವಿಯಿಂದ ಕರಿ ಬಂತು. ಹೋಗಿ, ರುಮಾಲು ಸುತ್ತಿಸ್ಕೊಂಡು, ಕೊರಳಾಗ ಹಾರದ ಕೂಡ ಬಂದ.

ಅಪ್ಪ ಆ ರುಮಾಲು ಇನ್ನ ತಲಿ ಮ್ಯಾಲಿಂದ ತಗದಿದ್ದಿಲ್ಲ. ಓಣಿಯವರು ನೋಡಾಕ ಬರೋರು, ಹೋಗೋರು. ಅಷ್ಟರಾಗ ಕಾಕಾ ಬಾಗಲದಾಗ ಬಂದು ನಿಂತ. ಹೆಗಲ ಮ್ಯಾಲ ಕೌದಿ. ಕೆಂಪು ಸೆರಗಿನದು.

ಬಂದವರು ಒಬ್ಬೊಬ್ಬರ ಎದ್ದು ಹೋದ್ರು. ಕಾಕಾ ಕಂಬಕ್ಕ ಆತು ಕುಂತು ಹೇಳಿದ. ಅಕ್ಕ ಬದಕ್ಯಾಳ. ಗಂಡನೂ ಬದಕ್ಯಾನ. ಒಂದು ಹೆಣ್ಣು ಕೂಸು ಐತಿ. ಮನಿ ಬೂದಿ. ಕೂಸಿನ್ನ ಹೊರಗ ತರೂಮುಂದ ಅಕ್ಕನ ಎರಡೂ ಕೈ ಮೊಳಕೈತನಕಾ ಸುಟ್ಟಾವು. ಹೊಳಿ ದಂಡಿ ಮ್ಯಾಲ ಒಂದು ಗಿಡದ ಕೆಳಗ ಕುಂತಿದ್ಲಂತ.

"ನಿಮ್ಮವ್ವ ಕೊಟ್ಟಾಳ ಅಂತ ಅಂದೆ, ಎವ್ವಾ. ನಗಲಿಲ್ಲೇನು ಹುಡುಗಿ! ಸುಟ್ಟ ಕೈಲೇ ತಬ್ಬಿಕೊಂಡ್ಲು. ಪರಕಾರದ ತುಂಡು ನೋಡಿ ಕೂಸಿಗೆ ತೋರಿಸಿದ್ಲು. ಆಮ್ಯಾಲ ಒಂದೊಂದ ಮೂಲಿ ಮುಟ್ಟಿ ನೋಡಾಕತ್ಲು." ಕಾಕಾ ಹೆಗಲಿಂದ ಕೌದಿ ಇಳಿಸಿದ. "ಒಂದು ಮೂಲಿ ಬಿಚ್ಚಿತ್ತು. ನಾನೂ ಅಲ್ಲೇ ನೋಡಿದ್ದು. ಅಕಿ ಬೆರಳು ಒಳಗ ಹಾಕಿ ನೋಡಿದ್ಲು. ಆಮ್ಯಾಲ ಮಡಚಿ ನನ್ನ ಕೈಗೆ ಕೊಟ್ಲು."

"ಏನಂದ್ಲು?" ಅಂದ್ಲು ಅವ್ವ.

"ಬ್ಯಾಡ ಬಿಡ ಎವ್ವಾ."

"ಏನಂದ್ಲು, ಹೇಳು."

"ಅಪ್ಪ ಅವತ್ತ ಅಂದ, ಅವ್ವ ಇವತ್ತ ಅಂದ್ಲು. ಸತ್ತಾಕಿಗೆ ಕೌದಿ ಯಾಕ ಕಾಕಾ, ವಾಪಸ್ ಒಯ್ದು ಕೊಡು ಅಂದ್ಲು. ಹಂಗಲ್ಲವ್ವಾ, ಏನೋ ತಪ್ಪಾಗೇತಿ ಅಂತ ಕಾಲು ಹಿಡಕೊಂಡೆ. ಕೇಳಲಿಲ್ಲ."

ಅವ್ವ ಕೌದಿ ತಗೊಂಡು ಬೆಳಕಿಗೆ ಹಿಡದ್ಲು. ನಾನು ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡು ಕುಂತಾಕಿ ಅಲ್ಲಿಂದನ ಕಂಡೆ. ಆ ಮೂಲಿ ಬಿಚ್ಚಿದ್ದಲ್ಲ, ಕೊಯ್ದದ್ದು. ಹೆಣಮಕ್ಕಳು ಯಾರೂ ಕೌದಿಗೆ ಚೂರಿ ಹಚ್ಚಂಗಿಲ್ಲ, ಸೂಜಿ ಮೊನಿಯಿಂದ ದಾರ ಬಿಚ್ಚತಾರ. ಇದು ಬಟ್ಟಿ ಸಮೇತ ಹರಿದಿತ್ತು. ಅಕ್ಕ ಸಮಾಧಾನದಿಂದ ನೋಡಿದ್ರ ಅಕಿಗೂ ತಿಳೀತಿತ್ತು. ಸುಟ್ಟ ಕೈಯಾಗ, ಹಸದ ಹೊಟ್ಟ್ಯಾಗ ಯಾರು ದಾರದ ತುದಿ ನೋಡ್ತಾರ?

ನಮ್ಮ ಮನ್ಯಾಗ ಚೂರಿ ಒಂದ ಇತ್ತು, ತಂಬಾಕು ಕೊಯ್ಯೂದು. ಅದು ಅಪ್ಪನ ಅಂಗಿ ಕಿಸೆದಾಗ ಇರತಿತ್ತು.

"ನೀವು ಕೊಯ್ದ್ರೇನ್ರಿ?" ಅಂದ್ಲು ಅವ್ವ. ದನಿ ಏರಿಸಲಿಲ್ಲ.

ಅಪ್ಪಗ ಸಿಟ್ಟು ಬಂತು. ತಪ್ಪು ಮಾಡಿದವರಿಗೆ ಬರೋ ಸಿಟ್ಟು ಇರ್ತೈತಲ್ಲ, ಅದು. "ಹೌದು, ನಾನ ಕೊಯ್ದೆ. ಮತ್ತೇನು ಮಾಡಬೇಕಿತ್ತು? ಊರ ಮಂದಿ ಎಲ್ಲಾ ಬರಿದು ಕೌದಿ ಕೊಟ್ಟಾರ. ನಮ್ಮದೊಂದರಾಗ ಮೂಲಿ ಗಟ್ಟಿ ಹತ್ತಿತು. ಯಾರರೇ ಮುಟ್ಟಿ ನೋಡಿದ್ರ ಏನಂತಾರ? ಧರ್ಮದ ಹೆಸರ ಮ್ಯಾಲ ತನ್ನ ಓಡಿಹೋದ ಮಗಳಿಗೆ ಮನಿ ಕೌದಿ ಕಳಿಸ್ಯಾನ ಅಂತಾರ. ನನ್ನ ಮಾತಿಗೆ ಕಿಮ್ಮತ್ತು ಉಳೀತಿತ್ತೇನು?"

"ಹಂಗಾದ್ರ ಕಳಿಸಬಾರದಿತ್ರಿ. ಮನ್ಯಾಗ ಇಡಬೇಕಿತ್ತು."

"ಒಂದು ಕೌದಿ ಕಡಿಮಿ ಬೀಳತಿತ್ತು" ಅಂದ ಅಪ್ಪ.

ಇಷ್ಟು ಕೇಳಿದ್ರಲ್ಲ. ಲೆಕ್ಕಾ ತಪ್ಪಬಾರದಂತ. ನನ್ನ ಮೈ ಎಲ್ಲಾ ಉರದು ಹೋತು. ಹಸಿ ಬಾಣಂತಿ, ಎದ್ದು ನಿಂತು ಒದರಿದೆ, ಏನೇನು ಅಂದೆನೋ ನೆನಪಿಲ್ಲ. ಅಪ್ಪ ರುಮಾಲು ತಗದು ಗೂಟಕ್ಕ ಹಾಕಿ, ಹೊಲದ ಕಡೆ ಹೋದ. ಕಾಕಾ ಹೆಣಮಕ್ಕಳಂಗ ಬಿಕ್ಕಿ ಬಿಕ್ಕಿ ಅಳಾಕತ್ತಿದ್ದ.

ಅವ್ವ ಅಳಲಿಲ್ಲ. ಒಲಿ ಹಚ್ಚಿ, ಒಂದ ಒಂದು ರೊಟ್ಟಿ ಬಡದು, ತುಣುಕು ಮುರದು ಮೂಲ್ಯಾಗಿಟ್ಟು, ಹರದ ಬಟ್ಟಿಗೆ ತ್ಯಾಪಿ ಹಚ್ಚಿ ಹೊಲಿದ್ಲು. ಮರುದಿನ ಕೌದಿ ತಲಿ ಮ್ಯಾಲ ಇಟ್ಕೊಂಡು, "ನಡಿ, ದಾರಿ ತೋರಸು" ಅಂತ ಕಾಕಾನ ಕರಕೊಂಡು ಹೊಂಟ್ಲು. ಗಂಡನ ಕೇಳಲಾರದ ಹೊಸ್ತಿಲ ದಾಟಿದಾಕಿ ಅಲ್ಲ ನಮ್ಮವ್ವ. ಹುಕ್ಕೇರಿಯಾಚೆ ಅಕಿ ಲೋಕಾನ ಕಂಡಿದ್ದಿಲ್ಲ.

ಹೋಗಿ ಮುಟ್ಟೂದರೊಳಗ ಹೊಳಿ ದಂಡಿ ಖಾಲಿ ಆಗಿತ್ತು. ಮಳಿ ಬರ್ತೈತಿ ಅಂತ ಮಂದಿ ಎದ್ದು ಹೋಗಿದ್ರು. ಕೆಲವರು ಕೊಂಕಣಕ್ಕ ಇಳದ್ರಂತ, ಕೆಲವರು ಮಿರಜ ಕಡೆ ಕೂಲಿಗೆ ಹೋದ್ರಂತ. ಕೈ ಸುಟ್ಟಾಕಿ, ಕನ್ನಡ ಮಾತಾಡಾಕಿ ಅಂತ ಅವ್ವ ಸಿಕ್ಕ ಸಿಕ್ಕವರನ್ನೆಲ್ಲಾ ಕೇಳಿದ್ಲಂತ. ಅವರ ಮಾತು ಅಕಿಗೆ ತಿಳೀಲಿಲ್ಲ, ಅಕಿ ಮಾತು ಅವರಿಗೆ ತಿಳೀಲಿಲ್ಲ. ಆ ಗಿಡದ ಕೆಳಗ ಒಲಿಗುಂಡು ಮೂರು ಇದ್ದುವಂತ, ಅದರ ಬಾಜೂ ಒಂದು ರಾತ್ರಿ ಮಲಗಿ ತಿರಗಿ ಬಂದ್ಲು. ಅಲ್ಲಿಂದ ಮುಂದ ಅಕ್ಕನ ಸುದ್ದಿ ನಮಗ ಯಾರಿಂದಲೂ ಬರಲಿಲ್ಲ, ಇವತ್ತಿನತನಕಾನೂ.

ಕೌದಿ ಸಂದೂಕದಾಗ ಉಳೀತು. ವರ್ಷಕ್ಕೊಮ್ಮೆ ಅವ್ವ ದಾರ ಬಿಚ್ಚಿ, ಹಳೇ ತುಣುಕು ತಗದು, ಹೊಸಾದು ಇಟ್ಟು ಹೊಲೀತಿದ್ಲು. ಬಂದ್ರ ಕೊಡಬೇಕಲ್ಲ ಅಂತಿದ್ಲು.

ಬಹಳ ವರ್ಷದ ಮ್ಯಾಲ ಅಪ್ಪಗ ಚಳಿಜ್ವರಾ ಬಂತು. ನಾನು ಸುದ್ದಿ ತಿಳದು ಗಂಡನ ಮನಿಯಿಂದ ಓಡಿ ಬಂದಿದ್ದೆ. ಮನ್ಯಾಗಿನ ಹೊದಿಕಿ ಎಲ್ಲಾ ಹಾಕಿದ್ರೂ ನಡಕ ನಿಂದರಲಿಲ್ಲ. "ಇನ್ನೊಂದು ಹೊಚ್ಚ, ಇನ್ನೊಂದು ಹೊಚ್ಚ" ಅನ್ನಾಕತ್ತಿದ್ದ. ಅವ್ವ ಸಂದೂಕ ತಗದ್ಲು. ಕೆಂಪು ಸೆರಗಿನ ಕೌದಿ ತಂದು ಅವನ ಹಾಸಿಗಿ ಬಾಜೂ ಕುಂತು, ಸೂಜಿ ಮೊನಿಯಿಂದ ಒಂದೊಂದ ಹೊಲಿಗಿ ಬಿಚ್ಚಾಕತ್ಲು. ಗಡಿಬಿಡಿ ಇಲ್ಲ ಏನಿಲ್ಲ. ಅಪ್ಪ ನಡಗಿಕೊಂತ ನೋಡಾಕತ್ತಿದ್ದ. ರೊಟ್ಟಿ ತುಣುಕು ತಗದು ತನ್ನ ಉಡಿಯಾಗ ಹಾಕ್ಕೊಂಡು, ಬಿಚ್ಚಿದ ಮೂಲಿ ಅವನ ಎದಿ ಮ್ಯಾಲ ಬರಂಗ ಕೌದಿ ಹೊಚ್ಚಿ, ಎದ್ದು ಅಡಗಿಮನಿಗೆ ಹೋದ್ಲು.

ಸಾಯಲಿಲ್ಲ ಅಪ್ಪ. ಜ್ವರಾ ಬಿಟ್ಟಿತು, ಎದ್ದು ಕುಂತ. ಆಮ್ಯಾಲೂ ಕೆಲವು ವರ್ಷ ಬದಕಿದ. ಅವ್ವ ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ಹಾಕಿದ್ಲು, ಸ್ನಾನಕ್ಕ ನೀರು ಕಾಸಿದ್ಲು, ಒಂದಕ್ಕೂ ಕಡಿಮಿ ಮಾಡಲಿಲ್ಲ. ಹೊಚ್ಚಾಕ ಮಾತ್ರ ಅದ ಕೌದಿ. ಬ್ಯಾರೆ ಕೊಡಲಿಲ್ಲ. "ಆ ಮೂಲಿ ಒಂದಿಷ್ಟು ಹೊಲಿಯಬಾರದೇನ" ಅಂತ ಒಮ್ಮೆ ಕೇಳಿದ್ದಕ್ಕ, "ಕೊಯ್ದ ಕೈ ಐತಲ್ರಿ, ಹೊಲಕೋರಿ" ಅಂದಿದ್ಲಂತ.

ಒಂದು ಚಳಿಗಾಲದಾಗ ನಾನು ತವರಿಗೆ ಹೋದಾಗ ಅಪ್ಪ ಅಂಗಳದ ಬಿಸಲಾಗ ಕುಂತಿದ್ದ. ತೊಡಿ ಮ್ಯಾಲ ಆ ಕೌದಿ, ಬಾಜೂಕ ಒಂದು ಚೂರು ರೊಟ್ಟಿ. ಒಂದು ಕೈಯಾಗ ಸೂಜಿ, ಇನ್ನೊಂದು ಕೈಯಾಗ ದಾರ. ದಾರದ ತುದಿ ಬಾಯಾಗ ಹಾಕಿ ತೋಯಿಸಿ, ಕಣ್ಣು ಕಿರಿದು ಮಾಡಿ, ಪೋಣಿಸಾಕ ನೋಡಾಕತ್ತಿದ್ದ. ನನ್ನ ನೋಡಿ, "ಬಂದ್ಯಾ ಯವ್ವಾ, ಇದೊಂದು ದಾರ ಪೋಣಿಸಿ ಕೊಡು, ನನಗ ಕಾಣವಲ್ದು" ಅಂದ.

ನಾನು ಕೇಳಲಾರದವರಂಗ ಒಳಗ ಹೋದೆ. ಇವತ್ತ ಕೇಳಿದ್ರೂ ಹಂಗ ಹೋಗ್ತೇನಿ.